ಲಲಿತ ಪ್ರಬಂಧ ಓದೋದು ಹೇಗೆ? ಅನುಭವ ಇದ್ದವರು ಹೇಳ್ರಿ

ಜಮಖಂಡಿಯಿಂದ ಪ್ರಶ್ನೆ:

ನಮಸ್ಕಾರ್ರಿ. ನಾನು ಕತೆ, ಕಾದಂಬರಿ ಓದುವವಳು. ನಮ್ಮ ಓದುಗರ ಗುಂಪಿನಲ್ಲಿ ಮುಂದಿನ ತಿಂಗಳು ಲಲಿತ ಪ್ರಬಂಧ (ಲೇಖಕರು ತಮ್ಮ ಅನುಭವವನ್ನು ಹರಟೆಯ ಧಾಟಿಯಲ್ಲಿ ಹೇಳುವ ಬರಹ) ಇಟ್ಟುಕೊಂಡಿದ್ದಾರೆ, ಮಾತಾಡುವ ಪಾಳಿ ನನ್ನದು. ತೊಂದರೆ ಏನಂದ್ರೆ, ಪ್ರಬಂಧ ಓದುವಾಗ ಚೆನ್ನಾಗಿಯೇ ಇರುತ್ತದೆ. ಮುಗಿದ ಮೇಲೆ ‘ಅಲ್ಲಾ, ಏನಾಯ್ತು ಇದರಲ್ಲಿ?’ ಅನ್ನಿಸುತ್ತದೆ. ‘ಭಾಷೆ ಸರಳವಾಗಿದೆ, ತಿಳಿಹಾಸ್ಯ ಇದೆ’ ಅಂತ ಹೇಳಿ ಕೂಡೋದು ನನಗೇ ಬೇಸರ. ನೀವೆಲ್ಲ ಹೇಗೆ ಓದುತ್ತೀರಿ?

ವಿಜಯಪುರದಿಂದ, ನಿವೃತ್ತ ಇಂಗ್ಲಿಷ್ ಮಾಸ್ತರು:

ನೋಡ್ರಿ ತಂಗಿ, ಪ್ರಬಂಧದಲ್ಲೂ ಏನೋ ಒಂದು ಆಗಿರುತ್ತದೆ. ಅದು ಬರೆದವರ ಮನಸ್ಸಿನಲ್ಲಿ ಆಗಿರುತ್ತದೆ, ಅದಕ್ಕೇ ಸುಲಭಕ್ಕೆ ಕಾಣುವುದಿಲ್ಲ.

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಆನೆಗೆ ಗುಂಡು ಹೊಡೆದ ಬಗ್ಗೆ 1936ರಲ್ಲಿ ಬರೆದ ಪ್ರಬಂಧ ನಾನು ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದೆ. ಆತ ಬರ್ಮಾದಲ್ಲಿ ಬ್ರಿಟಿಷರ ಪೊಲೀಸ್ ಅಧಿಕಾರಿ. ಮದವೇರಿದ ಒಂದು ಸಾಕಾನೆ ಸರಪಳಿ ಹರಿದುಕೊಂಡು ಬಂದು ಒಬ್ಬ ಕೂಲಿಯವನನ್ನು ಕೊಂದಿದೆ. ಈತ ಬಂದೂಕು ತರಿಸಿಕೊಂಡು ಹೋಗುತ್ತಾನೆ. ಹೋಗಿ ನೋಡಿದರೆ ಆನೆ ತನ್ನ ಪಾಡಿಗೆ ತಾನು ಹುಲ್ಲು ಕೀಳುತ್ತಾ, ಮೊಣಕಾಲಿಗೆ ಬಡಿದು ಮಣ್ಣು ಝಾಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದೆ. ಮದ ಇಳಿದಿರಬೇಕು. ಕೊಲ್ಲುವ ಅಗತ್ಯ ಇಲ್ಲ ಅಂತ ಆತನಿಗೂ ಗೊತ್ತು. ಆಗ ಹಿಂದೆ ತಿರುಗಿ ನೋಡುತ್ತಾನೆ. ಏನಿಲ್ಲವೆಂದರೂ ಎರಡು ಸಾವಿರ ಮಂದಿ! ಎಲ್ಲರ ಕಣ್ಣೂ ಇವನ ಮೇಲೆ. ಅವತ್ತು ಆತನಿಗೆ ಹೊಳೆಯುತ್ತದೆ: ಹೆಸರಿಗೆ ಆಳುವವನು ತಾನು, ಆಡಿಸುತ್ತಿರುವವರು ಇವರು. ಗುಂಡು ಹಾರಿಸುತ್ತಾನೆ. ಆನೆ ಸಾಯಲು ಅರ್ಧ ಗಂಟೆ ಹಿಡಿಯುತ್ತದೆ. ನಾಲ್ಕು ಮಂದಿ ಎದುರು ನಗೆಪಾಟಲಾಗಬಾರದು ಅಂತಷ್ಟೇ ಹೊಡೆದೆ ಅಂತ ಕೊನೆಗೆ ತಾನೇ ಒಪ್ಪಿಕೊಳ್ಳುತ್ತಾನೆ.

ಇದೇ ಕತೆಯಾಗಿದ್ದರೆ ಆನೆ ಬಿದ್ದ ಜಾಗದಲ್ಲಿ ಜೀವ ಇರುತ್ತಿತ್ತು. ಇಲ್ಲಿ ಜೀವ ಇರುವುದು ಆತ ಹಿಂದೆ ತಿರುಗಿ ನೋಡಿದ ಜಾಗದಲ್ಲಿ. ಪೆನ್ಸಿಲ್ ಹಿಡಿದು ಆ ಸಾಲಿಗೆ ಗೆರೆ ಎಳೆಯಿರಿ. ಆಮೇಲೆ ಅಲ್ಲಿಂದ ಹಿಂದಕ್ಕೆ ಓದಿಕೊಂಡು ಹೋಗಿ. ಆ ಹುಲ್ಲು ಝಾಡಿಸುವುದನ್ನು ಅಷ್ಟು ಬಿಡಿಸಿ ಯಾಕೆ ಬರೆದ ಅಂತ ತಾನಾಗಿ ತಿಳಿಯುತ್ತದೆ. ಆನೆ ರೊಚ್ಚಿನಲ್ಲಿದ್ದಿದ್ದರೆ ಆತನಿಗೆ ನಾಚಿಕೆ ಪಡಲು ಕಾರಣವೇ ಇರುತ್ತಿರಲಿಲ್ಲ, ಅಲ್ವಾ?

ಬೆಳಗಾವಿಯಿಂದ:

ಸರ್ ಹೇಳಿದ್ದು ಆನೆಯ ಮಟ್ಟಿಗೆ ಸರಿ. ಆದರೆ ಎಲ್ಲ ಪ್ರಬಂಧದಲ್ಲೂ ಇಂಥ ತಿರುವು ಹುಡುಕುತ್ತಾ ಕೂತರೆ ಅರ್ಧಕ್ಕರ್ಧ ಕೈಬಿಟ್ಟು ಹೋಗುತ್ತವೆ. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ನೋಡಿ, 1937ರ ಪುಸ್ತಕ. ಅವರೂ ಇಂಗ್ಲಿಷ್ ಮೇಷ್ಟ್ರೇ. ಅವರಿಗೆ ಎಲ್ಲಿಗೂ ಹೋಗಿ ಮುಟ್ಟುವ ಅವಸರ ಇಲ್ಲ. ಸಣ್ಣದೊಂದು ವಿಷಯ ಹಿಡಿದು ಹರಟುತ್ತಾರೆ, ನಡುವೆ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಅಲ್ಲಿ ದನಿ ಕೇಳಬೇಕು. ಈ ಮನುಷ್ಯನ ಜೊತೆ ಒಂದು ತಾಸು ಕೂಡಬಹುದಾ? ನಾನು ಕೇಳಿಕೊಳ್ಳುವುದು ಇಷ್ಟೇ.

ಇದಕ್ಕೆ ಜೋರಾಗಿ ಓದುವುದೇ ದಾರಿ. ರಾತ್ರಿ ಅಡುಗೆಮನೆಯಲ್ಲಿ ಅತ್ತೆಗೆ ಓದಿ ಹೇಳುತ್ತೇನೆ. ಅತ್ತೆ ಸೊಪ್ಪು ಸೋಸುವುದನ್ನು ಬಿಟ್ಟು ತಲೆ ಎತ್ತಿದರೆ ಅಲ್ಲೇನೋ ಇದೆ ಅಂತ ಲೆಕ್ಕ. ಸುಮ್ನೆ ಕಣ್ಣಾಡಿಸಿದಾಗ ಜಾರಿಹೋದ ವ್ಯಂಗ್ಯ ಬಾಯಿಗೆ ಬಂದಾಗ ಸಿಕ್ಕಿಬೀಳುತ್ತದೆ.

ಮರಾಠಿ ಬರುವವರು ಪು.ಲ. ದೇಶಪಾಂಡೆಯವರ ‘ರಾವಸಾಹೇಬ’ ಬಿಡಬೇಡಿ. ವ್ಯಕ್ತಿಚಿತ್ರ ಅನ್ನುತ್ತಾರೆ, ನನಗೆ ಪ್ರಬಂಧವೇ. ಈ ರಾವಸಾಹೇಬ ನಮ್ಮ ಬೆಳಗಾವಿಯ ಮನುಷ್ಯ, ಮರಾಠಿಯೊಳಗೆ ಕನ್ನಡ ನುಗ್ಗಿಸಿ ಮಾತಾಡುವವ. ಇಲ್ಲಿಯವರಿಗೆ ಆ ಮಾತಿನ ಧಾಟಿಯೇ ಅರ್ಧ ಸುಖ.

ಇಂಡಿಯಿಂದ:

ನನ್ನದೊಂದು ತಕರಾರು. ಲಲಿತ ಪ್ರಬಂಧ ಅಂದರೆ ಹಳೇ ಮೈಸೂರು, ಕಾಫಿ, ಗೊರೂರು ರಾಮಸ್ವಾಮಿ ಅಯ್ಯಂಗಾರರ ಹೇಮಾವತಿ ನದಿ. ನಾವು ಜೋಳದ ಹೊಲದವರು. ಕಾಲೇಜಿನಲ್ಲಿ ಅದನ್ನೆಲ್ಲ ಪರೀಕ್ಷೆಗೆ ಅಂತ ಓದಿದೆ, ಮೈಗೆ ಹತ್ತಲಿಲ್ಲ. ನನಗೆ ರುಚಿ ಹತ್ತಿಸಿದ್ದು ಸಂಡೂರಿನ ವಸುಧೇಂದ್ರ. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ದ ಅಮ್ಮ ನಮ್ಮ ಓಣಿಯಲ್ಲೇ ಇದ್ದಾಳೆ ಅನ್ನಿಸಿತು. ಆಮೇಲೆ ಗೊರೂರರ ಕಡೆ ಹೋದೆ, ಆಗ ಹೇಮಾವತಿಯೂ ಒಗ್ಗಿತು. ಹತ್ತಿರದ್ದರಿಂದ ಶುರು ಮಾಡಿ, ವರ್ಷದ ಕ್ರಮ ಹಿಡಿದು ಹೋಗಬೇಡಿ. ಚಡಚಣದ ಸಿಂಪಿ ಲಿಂಗಣ್ಣನವರು ಜನಪದದ ಬಗ್ಗೆ ಬರೆದ ಗದ್ಯವನ್ನೂ ಒಮ್ಮೆ ನೋಡಿ. ಅದನ್ನು ಲಲಿತ ಪ್ರಬಂಧದ ಸಾಲಿನಲ್ಲಿ ಯಾರೂ ಕೂಡಿಸುವುದಿಲ್ಲ, ಕೂಡಿಸಬೇಕು ಅಂತ ನನ್ನ ಹಟ.

ಬಾಗಲಕೋಟೆ ನವನಗರದಿಂದ:

ಅಕ್ಕಾರ, ಓದುವ ಮೊದಲು ನೀವೇ ಅರ್ಧ ಪುಟ ಬರೆದು ನೋಡಿ. ನಗಬೇಡಿ, ಕೆಲಸ ಮಾಡುತ್ತದೆ.

ನಮ್ಮದು ಮುಳುಗಡೆ ಮನೆ. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಹಳೇ ಊರು ಬಿಟ್ಟು ಸೆಕ್ಟರಿಗೆ ಬಂದವರು. ಅದರ ಬಗ್ಗೆ ಬರೆಯಲು ಕೂತೆ. ಪರಿಹಾರ, ಸಿಟ್ಟು, ಕೃಷ್ಣೆ ಎಲ್ಲ ಬರೆದೆ. ಓದಿದರೆ ಅರ್ಜಿಯಂತಿತ್ತು. ಅದರಲ್ಲಿ ಒಂದೇ ಸಾಲಿಗೆ ಜೀವ ಇತ್ತು. ಅಪ್ಪ ಹಳೇ ಮನೆಯ ತಲಬಾಗಿಲ ಸಾಗವಾನಿ ಚೌಕಟ್ಟು ಬಿಚ್ಚಿಸಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. ಹೊಸ ಮನೆಗೆ ಅದು ಗಿಡ್ಡ ಆಯಿತು. ಇವತ್ತಿಗೂ ಮಾಳಿಗೆ ಮೇಲಿನ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ಅದರ ಮೇಲೆ ಅರಿವೆ ಒಣಹಾಕುತ್ತೇವೆ.

ಅದಾದ ಮೇಲೆ ಬೇರೆಯವರ ಪ್ರಬಂಧ ಓದುವಾಗ ಮೊದಲು ಇಂಥ ಚೌಕಟ್ಟನ್ನೇ ಹುಡುಕುತ್ತೇನೆ. ಯಾವ ವಸ್ತುವಿನ ಮೇಲೆ ಭಾರ ಹಾಕಿದ್ದಾರೆ, ಯಾವುದನ್ನು ಹೇಳದೆ ಬಿಟ್ಟಿದ್ದಾರೆ? ವೈದೇಹಿಯವರ ‘ಮಲ್ಲಿನಾಥನ ಧ್ಯಾನ’ ಹೀಗೆ ಓದಲು ಒಳ್ಳೆ ಪುಸ್ತಕ.

ಜಮಖಂಡಿಯಿಂದ:

ಎಲ್ಲರಿಗೂ ಶರಣ್ರಿ. ಒಂದು ಸಂಶಯ. ಪ್ರಬಂಧದಲ್ಲಿ ‘ನಾನು’ ಅಂತ ಬರೆದದ್ದೆಲ್ಲ ನಿಜವಾಗಿ ನಡೆದದ್ದೇ ಇರುತ್ತದಾ? ಗುಂಪಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ.

ವಿಜಯಪುರದ ಮಾಸ್ತರು:

ಕೇಳಲಿ ಬಿಡಿ, ಚರ್ಚೆ ಕಾವೇರುತ್ತದೆ. ಆರ್ವೆಲ್ ನಿಜವಾಗಿ ಆನೆ ಕೊಂದನೋ ಇಲ್ಲವೋ ಅಂತ ಆತನ ಜೀವನಚರಿತ್ರೆ ಬರೆದವರಲ್ಲೇ ಒಮ್ಮತ ಇಲ್ಲ. ನನ್ನ ಮಟ್ಟಿಗೆ, ಕೊಲ್ಲದಿದ್ದರೂ ಆ ನಾಚಿಕೆ ಸುಳ್ಳಲ್ಲ. ನಮ್ಮ ಕಾಲೇಜಿನಲ್ಲಿ ಇದನ್ನು ಒಪ್ಪದ ಗೆಳೆಯರಿದ್ದರು. ನಡೆಯದ್ದನ್ನು ನಡೆಯಿತು ಅಂದರೆ ಅದು ಕತೆ, ಪ್ರಬಂಧ ಅಂತ ಕರೆದು ಓದುಗನಿಗೆ ಟೋಪಿ ಹಾಕಬಾರದು ಅನ್ನುತ್ತಿದ್ದರು. ಅವರ ಮಾತಿನಲ್ಲೂ ಹುರುಳಿದೆ. ಎರಡನ್ನೂ ಮುಂದಿಡಿ, ತೀರ್ಪು ಕೊಡಬೇಡಿ.

ಬೆಳಗಾವಿಯಿಂದ:

ಇನ್ನೊಂದು ಮಾತು. ಲೇಖಕರ ಹುಟ್ಟೂರು, ಪ್ರಶಸ್ತಿ ಅಂತ ಶುರು ಮಾಡಿದರೆ ಮಂದಿ ಮೊಬೈಲ್ ತೆಗೆಯುತ್ತಾರೆ. ಒಂದೇ ಪ್ರಬಂಧ ಆರಿಸಿಕೊಳ್ಳಿ, ನಾಲ್ಕೈದು ಪುಟದ್ದು. ಎಲ್ಲರಿಗೂ ಝೆರಾಕ್ಸ್ ಕೊಡಿ. ಪ್ಯಾರಾಕ್ಕೆ ಒಬ್ಬರಂತೆ ಜೋರಾಗಿ ಓದಿಸಿ. ಯಾರು ಎಲ್ಲಿ ನಕ್ಕರು, ಎಲ್ಲಿ ತಡವರಿಸಿದರು ಅಂತ ನೀವು ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋಗಿ. ನಿಮ್ಮ ಮಾತನ್ನು ಅಲ್ಲಿಂದಲೇ ಶುರು ಮಾಡಬಹುದು.