ಆಷಾಢ ನಮಗಾಗಲ್ಲ, ಚೈತ್ರ ಅವರಿಗಾಗಲ್ಲ: ಬಂಗಾಳಿ ಹುಡುಗನ್ನ ಮದುವೆ ಆಗೋಳಿಗೆ ಅನುಭವ ಇರೋರು ಹೇಳಿ

ಕೇಳಿದವರು: ಸಾಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ಊರು ಸಾಗರದ ಹತ್ರ, ಕೆಲಸ ಬೆಂಗಳೂರಲ್ಲಿ. ಹುಡುಗ ಕೋಲ್ಕತ್ತದವನು. ಎರಡೂ ಮನೆಯವರು ಒಪ್ಪಿದ್ದಾರೆ, ಅದೇ ದೊಡ್ಡ ಆಶ್ಚರ್ಯ. ಒಪ್ಪಿದ ಮೇಲೆ ಶುರುವಾಯ್ತು ನೋಡಿ ಕಥೆ. ಅವರು ಜುಲೈ ಮೊದಲ ವಾರ ಒಳ್ಳೆ ದಿನ ಇದೆ ಅಂದ್ರು. ಅಮ್ಮ "ಆಷಾಢದಲ್ಲಾ?" ಅಂತ ಫೋನನ್ನ ನನ್ನ ಕೈಗೆ ಕೊಟ್ಟು ಒಳಗೆ ಹೋದ್ರು. ಸರಿ, ಯುಗಾದಿ ಆದ್ಮೇಲೆ ಇಟ್ಕೊಳ್ಳೋಣ ಅಂದ್ರೆ ಚೈತ್ರದಲ್ಲಿ ಯಾರಾದ್ರೂ ಮದುವೆ ಮಾಡ್ತಾರಾ ಅಂತ ಅವರಮ್ಮ. ಎರಡನೇದು ಮೀನು. ನಮ್ಮನೇಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ. ಮೂರನೇದು, ಮದುವೆ ಎರಡು ಸಲ ಆಗ್ಬೇಕಾ, ಒಂದು ಸಲ ಸಾಕಾ?

"ಪ್ರೀತಿ ಇದ್ರೆ ಎಲ್ಲ ಸರಿಹೋಗುತ್ತೆ" ಅನ್ನೋ ಉತ್ತರ ಬೇಡ. ಅದನ್ನ ಅವನೇ ದಿನಾ ಹೇಳ್ತಾನೆ.

ಬಂಗಾಳಿ ಮನೆ ಸೊಸೆ, ಹನ್ನೊಂದು ವರ್ಷದಿಂದ

ದಿನದ ವಿಷಯ ಮೊದಲು ಮುಗಿಸ್ತೀನಿ, ಅದು ಸುಲಭ. ಅವರ ಪಂಚಾಂಗ ಸೌರಮಾನ, ನಮ್ಮದು ಚಾಂದ್ರಮಾನ. ತಿಂಗಳ ಹೆಸರು ಒಂದೇ ಇದ್ರೂ ದಿನಗಳು ಹಿಂದೆ ಮುಂದೆ. ಅವರಿಗೆ ಆಷಾಢ, ಶ್ರಾವಣ ಎರಡೂ ಮದುವೆ ತಿಂಗಳೇ. ಭಾದ್ರಪದ, ಪೌಷ, ಚೈತ್ರ ಆಗಲ್ಲ. ಪೌಷದಲ್ಲಿ ಜಗಳ ಇಲ್ಲ ಬಿಡಿ, ಅದು ಹೆಚ್ಚುಕಮ್ಮಿ ನಮ್ಮ ಧನುರ್ಮಾಸ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಇಬ್ಬರೂ ಬಾಯಿ ಮುಚ್ಚಿಕೊಂಡಿರ್ತಾರೆ. ಇಬ್ಬರಿಗೂ ಆಗೋದು ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ, ಇಲ್ಲಾ ಸಂಕ್ರಾಂತಿ ಕಳೆದು ಮಾರ್ಚ್ ಮಧ್ಯದವರೆಗೆ, ಇಲ್ಲಾ ಮೇ ತಿಂಗಳು. ನೀವೋ ಅವನೋ ಹಿರೀ ಮಕ್ಕಳಾದ್ರೆ ಜ್ಯೇಷ್ಠ ಬೇಡ ಅಂತ ಎರಡೂ ಕಡೆಯ ಅಜ್ಜಿಯರು ಒಂದೇ ದನೀಲಿ ಹೇಳ್ತಾರೆ. ನಮ್ಮದು ಫೆಬ್ರವರೀಲಿ ಆಯ್ತು.

ಮೀನು. ಇದನ್ನ ನಿಧಾನಕ್ಕೆ ಹೇಳ್ಬೇಕು. ಅವರಲ್ಲಿ ಅರಿಶಿನದ ಶಾಸ್ತ್ರಕ್ಕೆ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ತಟ್ಟೆ ತಟ್ಟೆ ಉಡುಗೊರೆ ಬರುತ್ತೆ. 'ತೊತ್ತೋ' ಅಂತಾರೆ. ಸೀರೆ, ಸಿಹಿ, ಎಲ್ಲದರ ಜತೆಗೆ ಒಂದು ದೊಡ್ಡ ರೋಹು ಮೀನು. ಸುಮ್ಮನೆ ಮೀನಲ್ಲ, ಮದುಮಗಳ ಹಾಗೆ ಸೀರೆ ಉಡಿಸಿ, ಮೂಗುತಿ ಇಟ್ಟು, ಹಣೆಗೆ ಬೊಟ್ಟಿಟ್ಟ ಮೀನು. ನಮ್ಮನೇನೂ ನಿಮ್ಮನೆ ಥರಾನೇ. ಅದಕ್ಕೆ ಅತ್ತೆ ಹತ್ರ ಮೊದಲೇ ಕೈ ಮುಗಿದು ಕೇಳ್ಕೊಂಡೆ. ಅವರು ಸಂದೇಶ್ ಅನ್ನೋ ಹಾಲಿನ ಸಿಹೀಲೇ ಮೀನು ಮಾಡಿಸಿ ತಂದ್ರು. ಈ ಪದ್ಧತೀನೂ ಅಲ್ಲಿ ಇದೆ, ಮೀನಿನ ಅಚ್ಚುಗಳೇ ಸಿಗ್ತವೆ, ಹಾಗಾಗಿ ಕೇಳೋಕೆ ಸಂಕೋಚ ಬೇಡ.

ಆದ್ರೆ ಮಾಡಿದವನು ಎಂಥಾ ಕಲಾವಿದ ಅಂದ್ರೆ ಒಂದೊಂದು ಪೊರೇನೂ ಎದ್ದು ಕಾಣ್ತಿತ್ತು. ಕಣ್ಣಿಗೆ ಒಣದ್ರಾಕ್ಷಿ. ಅಜ್ಜಿ ಜಗಲೀಲೇ ತಡೆದ್ರು. "ಸಿಹಿನೋ ಖಾರನೋ, ಕಣ್ಣು ಬಿಟ್ಕೊಂಡು ನೋಡ್ತಿದೆ, ಒಳಗೆ ಬೇಡ." ಬಂಗಾಳದಿಂದ ಒಂದೂವರೆ ದಿನ ರೈಲಲ್ಲಿ ಮಡಿಲಲ್ಲಿಟ್ಕೊಂಡು ತಂದ ಮೀನು ಅದು. ಮಾವ ಏನೂ ಮಾತಾಡ್ಲಿಲ್ಲ. ಸೀರೆ ಸೆರಗು ಸ್ವಲ್ಪ ಸರಿಸಿ, ಬಾಲ ಮುರಿದು, ಅರ್ಧ ತಾವು ಬಾಯಿಗೆ ಹಾಕ್ಕೊಂಡು ಇನ್ನರ್ಧ ಅಜ್ಜಿ ಮುಂದೆ ಹಿಡಿದ್ರು. ಅಜ್ಜಿ ಮೂಸಿ ನೋಡಿದ್ರು. ಏಲಕ್ಕಿ ವಾಸನೆ. ತಿಂದ್ರು. ಸಂಜೆ ಹೊತ್ತಿಗೆ ಹೊಟ್ಟೆವರೆಗೂ ಖಾಲಿ ಮಾಡಿದ್ರು, ತಲೆ ಮಾತ್ರ ಮುಟ್ಟಲಿಲ್ಲ.

ಮಿಕ್ಕಿದ್ದು ಊಟ ಆದ್ಮೇಲೆ ಬರೀತೀನಿ.

ಧಾರವಾಡದಾಂವ

ನಮ್ಮಾಕಿ ಕೇರಳದಾಕಿ, ಪಾಲಕ್ಕಾಡ ಕಡಿಯಾಕಿ. ನಮ್ಮ ಕಡೆ ಮದಿವಿ ಅಂದ್ರ ಎರಡ ದಿನದ್ದು, ಅರಿಷಿಣ, ಸುರಗಿ, ದೇವರ ಊಟ ಅಂತ ನಡದ ಇರ್ತದ. ಅದನ್ನ ತಲ್ಯಾಗ ಇಟ್ಕೊಂಡು ಎರಡ ಬಸ್ ಮಾಡಿ ಮಂದೀನ ಕರಕೊಂಡು ಹ್ವಾದೆ. ಮುಹೂರ್ತ ಹತ್ತೂವರಿಗೆ. ನಮ್ಮ ಮಂದಿ ಮಾರಿ ತೊಳಕೊಂಡು, ಛಾ ಕುಡದು, ಪಟಕಾ ಸುತಗೊಂಡು ಬರೂದ್ರಾಗ ಹತ್ತು ಐವತ್ತು. ತಾಳಿ ಕಟ್ಟಿ, ಸೀರಿ ಕೊಟ್ಟು, ಹಾರಾ ಬದಲಿ ಮಾಡಿ ಎಲ್ಲಾ ಮುಗದಿತ್ತು. ನಮ್ಮ ದೊಡ್ಡಪ್ಪ ಅಕ್ಕಿಕಾಳು ಮುಟಿಗ್ಯಾಗ ಹಿಡಕೊಂಡು ನಿಂತಾನ, ಒಗಿಯಾಕ ಮದಿವೀನ ಇಲ್ಲ! ಕಡೀಕ ನಾವಿಬ್ಬರೂ ಊಟಕ್ಕ ಕುಂತಾಗ ಬಂದು ಎಲಿ ಮ್ಯಾಲನ ಒಗದಾ. ಅವಿಯಲ್‌ದಾಗ ಅಕ್ಕಿಕಾಳು.

ತಂಗೀ, ಎರಡೂ ಕಡಿ ಮಂದಿಗೆ ಮದಿವಿ ಎಷ್ಟ ತಾಸಿಂದು ಅಂತ ಮೊದಲ ಹೇಳಿಬಿಡು. ಬಂಗಾಲದ್ದು ರಾತ್ರಿ ನಡೀತದ ಅಂತ ಕೇಳೇನಿ. ನಿಮ್ಮ ಮಂದಿಗೆ ಮಧ್ಯಾಹ್ನ ಮಲಕೊಂಡು ಬರ್ರಿ ಅನ್ನು.

ತುಮಕೂರಿನವನು

ನನ್ನ ಹೆಂಡ್ತೀನೂ ಮಲಯಾಳಿ. ನಿಶ್ಚಿತಾರ್ಥದ ದಿನ ಅವರ ಮನೆ ಹಾಲಲ್ಲಿ ನಿಂತು ನಮ್ಮಣ್ಣಂಗೆ ಜೋರಾಗಿ "ಪಟ್ಟಿ ಎಲ್ಲೋ? ಪಟ್ಟಿ ಇಲ್ದೆ ಹೆಂಗೋ ಮದುವೆ?" ಅಂದೆ. ಕರೆಯೋರ ಪಟ್ಟಿ. ಮಲಯಾಳದಲ್ಲಿ ಪಟ್ಟಿ ಅಂದ್ರೆ ನಾಯಿ. ಮಾವ ತುಂಬಾ ಮರ್ಯಾದಸ್ಥರು, ಸುಮ್ಮನೆ ಹಿತ್ತಲ ಕಡೆ ಕೈ ತೋರಿಸಿದ್ರು. ಅಲ್ಲಿ ಕಟ್ಟಿತ್ತು.

ಬಂಗಾಳಿ ಮನೆ ಸೊಸೆ

ಬಂದೆ. ಎರಡು ಸಲ ಮದುವೆ ಬೇಕಾ ಅಂತ ಕೇಳಿದ್ರಲ್ಲ. ನಾವು ಎರಡು ಸಲ ಆದ್ವಿ, ಬೆಳಿಗ್ಗೆ ನಮ್ಮ ಥರ, ಸಂಜೆ ಅವರ ಥರ, ಒಂದೇ ಛತ್ರ. ಬೆಳಿಗ್ಗೆ ಪೇಟ, ಸಂಜೆಗೆ ಬೆಂಡಿನಲ್ಲಿ ಮಾಡಿದ ಆ ಬಿಳಿ ಟೋಪರ್. ಸಂಜೆ ನನ್ನನ್ನ ಮಣೆ ಮೇಲೆ ಕೂರಿಸಿ ಎತ್ತಿಕೊಂಡು ಅವನ ಸುತ್ತ ಏಳು ಸುತ್ತು ಹೊಡೆಸಬೇಕು, ಮುಖಕ್ಕೆ ಎರಡು ವೀಳ್ಯದೆಲೆ ಅಡ್ಡ ಹಿಡಿದಿರಬೇಕು. ಹೊರೋದು ಹುಡುಗಿ ಕಡೆ ಅಣ್ಣತಮ್ಮಂದಿರು. ನಮ್ಮ ಕಡೆ ಹುಡುಗರಿಗೆ ಇದನ್ನ ಹಿಂದಿನ ದಿನ ಹೇಳಿ, ಬೆನ್ನು ನೋವು ಇರೋರನ್ನ ಬಿಡಿಸಿ. ನಮ್ಮ ಭಾವ ನಾಲ್ಕನೇ ಸುತ್ತಿಗೆ "ಇನ್ನು ಮೂರು ಸುತ್ತು ನಡ್ಕೊಂಡು ಹೋಗ್ತಾಳಾ ಕೇಳಿ" ಅಂದ.

ಬೆಳಗಿನ ಕಾಶಿಯಾತ್ರೇನ ನಾನು ಯಾವತ್ತೂ ಮರೆಯಲ್ಲ. ಛತ್ರಿ, ಕೋಲು, ಬಗಲಲ್ಲಿ ಗಂಟು ಕೊಟ್ಟು "ನೀನು ಸನ್ಯಾಸಿ ಆಗಿ ಕಾಶಿಗೆ ಹೊರಡು, ನಮ್ಮವರು ಬಂದು ತಡೀತಾರೆ" ಅಂತ ಹೇಳಿಕೊಟ್ಟಿದ್ವಿ. ತಡೀಬೇಕಾದ ಅಪ್ಪ ಗ್ಯಾಸ್ ಸಿಲಿಂಡರ್ ಖಾಲಿ ಅಂತ ಅಡುಗೆ ಭಟ್ಟರ ಹತ್ರ ಹೋಗಿದ್ರು. ಇವನು ಬಾಗಿಲು ದಾಟಿದ. ಗೇಟು ದಾಟಿದ. ಯಾರೂ ಬರಲಿಲ್ಲ. ಹೇಳಿದ ಕೆಲಸ ಅರ್ಧಕ್ಕೆ ಬಿಡೋ ಪೈಕಿ ಅಲ್ಲ ಅವನು, ರಸ್ತೇಲಿ ಬಸ್‌ಸ್ಟ್ಯಾಂಡ್ ಕಡೆ ನಡೆದೇ ಬಿಟ್ಟ. ವಾಲಗದವರು ಬಾರಿಸ್ತಾ ಹಿಂದೆ. ನಾನು ಮಹಡಿ ಕಿಟಕೀಲಿ, ಮೊಗ್ಗಿನ ಜಡೆ ಅರ್ಧ ಆಗಿದೆ, "ದಾಡಾವ್! ನಿಲ್ಲೋ!" ಅಂತ ಎರಡೂ ಭಾಷೇಲಿ ಕಿರುಚಿದೆ. ಅವನು ತಿರುಗಿ, ಛತ್ರಿ ಎತ್ತಿ, "ನಿಮ್ಮಪ್ಪ ತಡೀಬೇಕಂತೆ, ನೀನಲ್ಲ" ಅಂದ. ಅವನ ಪಿಶಿ, ಅಂದ್ರೆ ಸೋದರತ್ತೆ, ನನ್ನ ಪಕ್ಕ ನಿಂತು ಸಮಾಧಾನ ಮಾಡಿದ್ರು: "ಹೋದ್ರೂ ಚಿಂತೆ ಇಲ್ಲಮ್ಮ, ಕಾಶೀಲಿ ಬಂಗಾಳಿಟೋಲಾ ಇದೆ, ನಮ್ಮವರೇ ಇರೋದು."

ಈಗ ಒಂದು ಮುಖ್ಯವಾದ ವಿಷಯ, ಇದನ್ನ ಮೊದಲೇ ಮಾತಾಡಿಕೊಳ್ಳಿ. ಅವರಲ್ಲಿ ಹಳೇ ಪದ್ಧತಿ ಪ್ರಕಾರ ಮಗನ ಮದುವೆಯನ್ನ ತಾಯಿ ನೋಡಬಾರದು. ಹುಡುಗಿ ತಾಯೀನೂ ಅಷ್ಟೆ. ನಮ್ಮಲ್ಲಿ ಹುಡುಗಿ ಅಮ್ಮ ಧಾರೆ ನೀರು ಬಿಡದೆ ಮದುವೇನೇ ಇಲ್ಲ. ನಮ್ಮಮ್ಮನ ಮಟ್ಟಿಗೆ ತೀರ್ಮಾನ ಆಗಿತ್ತು. ಅತ್ತೆ ಮಾತ್ರ ಹೋಟೆಲ್ ರೂಮಲ್ಲೇ ಇರ್ತೀನಿ ಅಂದಿದ್ರು. ಬೆಳಿಗ್ಗೆ ಏಳು ಗಂಟೆಗೆ ನೋಡ್ತೀವಿ, ಗರದ್ ಸೀರೆ ಉಟ್ಕೊಂಡು ಛತ್ರದ ಬಾಗಿಲಲ್ಲಿ ನಿಂತಿದಾರೆ. "ಬಂಗಾಳಿ ಮದುವೆ ನೋಡಬಾರದು ಅಂತ ಶಾಸ್ತ್ರ ಇದೆ. ಇದು ಕನ್ನಡ ಮದುವೆ." ಮುಂದಿನ ಸಾಲಲ್ಲಿ ಕೂತು, ಅಂತರಪಟ ಇಳಿಯೋದನ್ನ, ಜೀರಿಗೆ ಬೆಲ್ಲ ಹಾಕೋದನ್ನ, ಎಲ್ಲಾ ನೋಡಿದ್ರು. ಸಂಜೆ ಮತ್ತೆ ರೂಮಿಗೆ ಹೋದ್ರು, ಶಾಸ್ತ್ರ ಶಾಸ್ತ್ರಾನೇ. ಅವರ ಅಕ್ಕತಂಗೀರಲ್ಲಿ ಮಗನ ಮದುವೆ ನೋಡಿದೋರು ಇವರೊಬ್ಬರೇ ಅಂತ ಇವತ್ತಿಗೂ ಹೇಳ್ಕೋತಾರೆ.

ನಿಮ್ಮಮ್ಮಂಗೆ ಇನ್ನೊಂದು ಮೊದಲೇ ಹೇಳಿ. ಮದುವೆ ಮಾರನೇ ರಾತ್ರಿಗೆ ಅವರು 'ಕಾಲರಾತ್ರಿ' ಅಂತಾರೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡೋ ಹಾಗಿಲ್ಲ. ಅಮ್ಮ ಆ ಹೆಸರು ಕೇಳಿ ಕುಂಕುಮದ ಭರಣಿ ಕೈಲಿ ಹಿಡಿದು ಅಲ್ಲೇ ಕೂತುಬಿಟ್ರು. ಅವತ್ತು ರಾತ್ರಿ ಅವನು ಪಕ್ಕದ ರೂಮಿಂದ ಮೆಸೇಜ್ ಮಾಡಿದ: ನೋಡಬಾರದು ಅಂತಿದೆ, ಬರೀಬಾರದು ಅಂತ ಎಲ್ಲೂ ಇಲ್ಲ. ಬೆಳಗಿನ ಜಾವ ಮೂರು ಗಂಟೆವರೆಗೂ ಬರೆದ.

ಕುಡ್ಲದ ಸೊಸೆ

ನಾನು ಮಂಗಳೂರಿನ ಕಥೋಲಿಕ್, ಗಂಡ ಮೈಸೂರಿನ ಹಿಂದೂ. ಕಾಗದಪತ್ರದ ವಿಷಯ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಹೇಳ್ತೇನೆ. ನೀವಿಬ್ಬರೂ ಹಿಂದೂಗಳಾದರೆ ತಲೆಬಿಸಿ ಇಲ್ಲ ಮಾರಾಯ್ರೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಇಬ್ಬರಲ್ಲಿ ಯಾರ ಕಡೆಯ ಪದ್ಧತಿಯಲ್ಲಾದರೂ ಮದುವೆ ಆಗಬಹುದು ಅಂತ ಉಂಟು. ಕಾನೂನಿಗೆ ಒಂದು ಸಾಕು, ಇನ್ನೊಂದು ಅತ್ತೆಯಂದಿರಿಗೆ. ಆಮೇಲೆ ನೋಂದಣಿ ಮಾಡಿಸಿ.

ನಮ್ಮ ಹಾಗೆ ಧರ್ಮ ಬೇರೆ ಇದ್ದು, ಯಾರೂ ಮತ ಬದಲಿಸುವುದಿಲ್ಲ ಅಂತಾದರೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನವಾದರೂ ಇದ್ದಿರಬೇಕು. ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂರು ತಿಂಗಳೊಳಗೆ ಮದುವೆ ಆಗಬೇಕು, ಮೂವರು ಸಾಕ್ಷಿ ಬೇಕು. ನಮ್ಮ ನೋಟಿಸ್ ಬೋರ್ಡಿನಲ್ಲಿ ಇದ್ದ ಆ 30 ದಿನ ಯಾವ ಚಿಕ್ಕಪ್ಪ ನೋಡಿಬಿಡ್ತಾರೋ ಅಂತ ನನಗೆ ನಿದ್ದೆ ಇಲ್ಲ. ಕೊನೆಗೆ ಅದನ್ನು ಪೂರ್ತಿ ಓದಿದ್ದು ಎದುರಿನ ಜೆರಾಕ್ಸ್ ಅಂಗಡಿಯವರು ಮಾತ್ರ. "ಹುಡುಗನ ಇನಿಶಿಯಲ್ ತಪ್ಪಿದೆ ನೋಡಿ" ಅಂತ ಹೇಳಿ ಉಪಕಾರ ಮಾಡಿದರು.

ಮದುವೆ ಹಿಂದಿನ ದಿನ ನಮ್ಮಲ್ಲಿ ರೋಸ್ ಶಾಸ್ತ್ರ, ತೆಂಗಿನಹಾಲು ಹಚ್ಚುವುದು. ಅತ್ತೆ ನೋಡಿ "ನಮ್ಮ ಅರಿಶಿನದ ಥರಾನೇ" ಅಂತ ಖುಷಿಪಟ್ಟರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಿವಿಯಲ್ಲಿ, "ಇಷ್ಟು ಒಳ್ಳೇ ಹಾಲು, ಪಾಯಸ ಆಗ್ತಿತ್ತಲ್ಲಮ್ಮ".

ಶಿವಮೊಗ್ಗದ ಮೇಷ್ಟ್ರು

ಸಾಗರದವರು ಅಂದಿರಿ, ಮಂತ್ರ ಮಾಂಗಲ್ಯ ನೆನಪಾಗಲಿಲ್ಲವೆ? ಕುವೆಂಪು ತಮ್ಮ ಮಗ ತೇಜಸ್ವಿಯವರಿಗೆ 1966ರಲ್ಲಿ ಮಾಡಿಸಿದ ರೀತಿ. ರಾಹುಕಾಲ ಇಲ್ಲ, ವರದಕ್ಷಿಣೆ ಇಲ್ಲ, ಆಷಾಢದ ತಕರಾರೂ ಇಲ್ಲ. ನನ್ನ ತಂಗಿ ಒಡಿಶಾದ ಹುಡುಗನನ್ನು ಹೀಗೇ ಮದುವೆಯಾದಳು. ಅವನು ಕನ್ನಡದ ಪ್ರತಿಜ್ಞೆಯನ್ನು ಒಡಿಯಾ ಲಿಪಿಯಲ್ಲಿ ಬರೆದುಕೊಂಡು ಓದಿದ. ಅರ್ಧ ಗಂಟೆ ಮದುವೆ, ಎರಡು ಗಂಟೆ ಊಟ.

ಸಾಗರದ ಹುಡುಗಿ

ಮೇಷ್ಟ್ರೇ, ಅಪ್ಪಂಗೆ ಹೇಳಿದೆ, ಅಪ್ಪ ಒಪ್ಪಿದ್ರು. ಅಮ್ಮ "ಸೀರೆ ತಗೊಂಡಾಗಿದೆ" ಅಂದ್ರು. ಅಲ್ಲಿಗೆ ಮುಗೀತು.

ಇನ್ನೊಂದು ಪ್ರಶ್ನೆ. ಭಾಷೆ ಎಷ್ಟು ಕಲೀಬೇಕು?

ಬಂಗಾಳಿ ಮನೆ ಸೊಸೆ

ಬೈಸಿಕೊಳ್ಳೋವಾಗ ಅರ್ಥ ಆಗೋವಷ್ಟು. ತಮಾಷೆಗೆ ಹೇಳಿದೆ. ಕಲೀರಿ, ಬೇಗ ಬರುತ್ತೆ. ಅವರು ಎಲ್ಲಾನೂ 'ತಿಂತಾರೆ' ಅನ್ನೋದು ನೆನಪಿರಲಿ. ನೀರು, ಚಹಾ, ಸಿಗರೇಟು, ಮುತ್ತು, ಎಲ್ಲಕ್ಕೂ ಒಂದೇ ಕ್ರಿಯಾಪದ. ನಮ್ಮನೆಯವರು ಮೊದಲ ಸಲ ಸಾಗರದ ಕಡೆ ಬಂದಾಗ "ಅಜ್ಜಿ, ನೀರು ತಿನ್ನಲಾ?" ಅಂತ ಕೇಳಿದ್ದರು. ಇನ್ನು ಬಂಗಾಳಿಯಲ್ಲಿ ಅವನು, ಅವಳು ಅನ್ನೋ ಭೇದ ಇಲ್ಲ, ಕ್ರಿಯಾಪದದಲ್ಲೂ ಇಲ್ಲ. ಹನ್ನೊಂದು ವರ್ಷ ಆದ್ರೂ ನಮ್ಮನೇಲಿ "ಅಮ್ಮ ಬಂದ, ಅಪ್ಪ ಮಲಗಿದಾಳೆ". ತಿದ್ದೋದು ಬಿಟ್ಟಿದೀನಿ. ಈಗ ನಮ್ಮಮ್ಮನೂ ಫೋನಲ್ಲಿ "ನಿಮ್ಮಪ್ಪ ಎದ್ದಳಾ?" ಅಂತ ಅವನಿಗೆ ಅನುಕೂಲ ಆಗೋ ಹಾಗೆ ಕೇಳ್ತಾರೆ.

ಒಂದು ಮಾತ್ರ ಕಲಿಯೋ ಹಾಗೇ ಇಲ್ಲ, ನಿಮಗೆ ಆಗಲೇ ಗೊತ್ತಿದೆ. ನಾವು ಹೊರಡೋವಾಗ "ಹೋಗ್ತೀನಿ" ಅನ್ನಲ್ಲ, "ಬರ್ತೀನಿ" ಅಂತೀವಲ್ಲ? ಅವರೂ ಹಾಗೇ. 'ಆಶಿ' ಅಂತಾರೆ. ಬರ್ತೀನಿ ಅಂತ.

ಸಾಗರದ ಹುಡುಗಿ

ಈಗಷ್ಟೇ ಅವರಮ್ಮನ ಹತ್ರ ಮಾತಾಡಿದೆ. ಫೆಬ್ರವರಿ ಅಂದೆ, ಸರಿ ಅಂದ್ರು. ಮೀನು ಸಂದೇಶ್‌ದು ಆಗ್ಬಹುದಾ ಅಂತ ಹೆದರ್ಕೊಂಡೇ ಕೇಳಿದೆ. "ಎಷ್ಟು ಕೆಜಿದು?" ಅಂದ್ರು. ಖುಷೀಲಿ ಫೋನ್ ಇಡೋವಾಗ "ಆಶಿ, ಮಾ" ಅಂದುಬಿಟ್ಟೆ.

"ಯಾವಾಗ ಬರ್ತೀಯ?" ಅಂದ್ರು. ಎದುರಿಗಿದ್ದು ಹೊರಡೋವಾಗ ಹೇಳೋ ಮಾತಂತೆ ಅದು, ಫೋನಲ್ಲಿ ಅಲ್ವಂತೆ. ಅವರು ಆಗಲೇ ಮಾವನ ಕೂಗಿ ಮೇಲಿನ ರೂಮು ಗುಡಿಸೋಕೆ ಹೇಳಿದ್ದು ಕೇಳಿಸ್ತು. ಹೌರಾ ಗಾಡಿಗೆ ಟಿಕೆಟ್ ನೋಡ್ತಾ ಇದೀನಿ.