ಅಳಿವೆ, ಹಿನ್ನೀರು, ಸಂಗಮ: ಬಾಗಲಕೋಟೆಯ ಕಿವಿಗೆ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ನದಿ ಸಮುದ್ರ ಸೇರುವ ಜಾಗಕ್ಕೆ ಏನನ್ನಬೇಕು ಎಂಬ ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ಬಾಗಲಕೋಟೆಯ ನವನಗರದಲ್ಲಿ ಬೆಳಿಗ್ಗೆ ನಡೆಯಲು ಹೋಗುವ ನಮ್ಮದೊಂದು ಗುಂಪಿದೆ. ಜಾಸ್ತಿ ಜನ ಅರವತ್ತು ದಾಟಿದವರು. ಮಳೆಗಾಲ ಮುಗಿದ ಮೇಲೆ ಎರಡು ದಿನ ಕುಮಟಾ ಕಡೆ ಹೋಗಿ, ಅಘನಾಶಿನಿ ನದಿ ಸಮುದ್ರ ಸೇರುವ ಜಾಗದಲ್ಲಿ ಆರಾಮಾಗಿ ನಡೆದು ಬರೋಣ ಅಂತ ಮಾತಾಗಿದೆ. ಗುಡ್ಡ ಹತ್ತುವುದಿಲ್ಲ. ತೆಂಗಿನ ತೋಟ, ಗದ್ದೆಯ ಬದು, ಸ್ವಲ್ಪ ಕಾಡು, ಸ್ವಲ್ಪ ಮರಳು, ನಡುವೆ ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟುವುದು, ಇಷ್ಟೇ. ನಾನು ಒಮ್ಮೆ ನೋಡಿ ಬಂದವನು. ಹಾಗಾಗಿ ಎಲ್ಲರಿಗೂ ಹಂಚಲು ಒಂದು ಪುಟದ ವಿವರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಗಾಡಿ ನಿಂತಿತು.

ಮೊದಲು ಬರೆದದ್ದು ‘ಅಘನಾಶಿನಿಯ ಹಿನ್ನೀರಿನ ದಂಡೆಗುಂಟ’ ಎಂದು. ಪ್ರವಾಸದ ಬರಹಗಳಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ, ಅಲ್ವಾ? ಗುಂಪಿನ ಹಿರಿಯರೊಬ್ಬರು ಓದಿ ಕೇಳಿದರು: “ಹಿನ್ನೀರು ನೋಡಾಕ ಅಲ್ಲೀತನಕ ಯಾಕ ಹೋಗಬೇಕ್ರೀ? ನಮ್ಮ ಹಿತ್ತಲದಾಗ ಐತೆಲ್ಲ!” ನಕ್ಕರು, ಆದರೆ ಆ ನಗೆ ಪೂರ್ತಿ ನಗೆಯಾಗಿರಲಿಲ್ಲ. ನಮ್ಮ ಕಡೆ ಹಿನ್ನೀರು ಅಂದರೆ ಆಲಮಟ್ಟಿ. ಅಂದರೆ ಮುಳುಗಿದ ಮನೆ, ಮುಳುಗಿದ ಹೊಲ, ಹಳೇ ಊರು ಬಿಟ್ಟು ಬಂದದ್ದು. ನವನಗರ ಎಂಬ ಹೆಸರೇ ಆ ಪದದಿಂದ ಹುಟ್ಟಿದ ಹಾಗೆ. ಅಣೆಕಟ್ಟು ತಡೆದು ಹಿಂದಕ್ಕೆ ನಿಲ್ಲಿಸಿದ ನೀರು ಅದು. ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾರ ತಡೆಯೂ ಇಲ್ಲದೆ ಸಮುದ್ರದವರೆಗೆ ಬರುವ ನದಿ. ಅಲ್ಲಿ ನೀರು ಹಿಂದೆ ಬರುವುದು ಕಡಲು ಉಬ್ಬಿದಾಗ, ಅದೂ ದಿನಕ್ಕೆ ಎರಡು ಸಲ. ಮತ್ತೆ ಇಳಿದು ಹೋಗುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ನಮ್ಮವರ ಕಣ್ಣಿಗೆ ತಪ್ಪು ಚಿತ್ರ ಬರುತ್ತದೆ. ಹಿನ್ನೀರು ಹೊಡೆದು ಹಾಕಿದೆ.

‘ಸಂಗಮ’ ಅಂತ ಬರೆದೆ. ಅದೂ ನಿಲ್ಲಲಿಲ್ಲ. ಕೂಡಲಸಂಗಮದ ಜಿಲ್ಲೆಯಲ್ಲಿ ಕೂತು ಸಂಗಮ ಅಂದರೆ ಕೃಷ್ಣೆಗೆ ಮಲಪ್ರಭೆ ಕೂಡುವುದೇ ಕಣ್ಣಮುಂದೆ ಬರುತ್ತದೆ. ಇನ್ನೊಂದು ಬೇಕಾದರೆ ಘಟಪ್ರಭೆ ಕೂಡುವ ಚಿಕ್ಕಸಂಗಮ. ನದಿಗೆ ನದಿ ಸೇರಿದರೆ ಸಂಗಮ. ಉಪ್ಪುನೀರಿಗೆ ಸೇರಿದರೆ? ಕರಾವಳಿಯವರು ಅದಕ್ಕೂ ಸಂಗಮ ಅನ್ನುವುದು ಗೊತ್ತು, ತಪ್ಪು ಅನ್ನಲಾರೆ. ನಮ್ಮವರಿಗೆ ಮಾತ್ರ ಅಲ್ಲೊಂದು ಗುಡಿ ಇರಬೇಕು ಅನಿಸುತ್ತದೆ.

‘ನದೀಮುಖ’ ಶಾಲೆಯ ಪುಸ್ತಕದ ಪದ. ಮುಖ ಅಂದರೆ ಶುರು ಅಂತ ಒಬ್ಬರು ತಿಳಿದರು. ಇನ್ನೊಬ್ಬರು ನಿವೃತ್ತ ಶಿಕ್ಷಕರು. ಅವರಿಗೆ ತಕ್ಷಣ ನೆನಪಾದದ್ದು ‘ನದೀಮುಖಜ ಭೂಮಿ’. ಅದು ಬೇರೆ. ನಮ್ಮ ಕೃಷ್ಣೆ ಆಂಧ್ರದಲ್ಲಿ ಬಂಗಾಳ ಕೊಲ್ಲಿ ಸೇರುವ ಮೊದಲು ಹೂಳು ಹಾಸಿ, ಕವಲೊಡೆದು ಕಟ್ಟುವ ಬಯಲು ಅದು. ಪಶ್ಚಿಮಕ್ಕೆ ಹರಿಯುವ ನದಿಗಳು ಗಿಡ್ಡ. ಘಟ್ಟದಿಂದ ದಬದಬನೆ ಇಳಿದು ಬರುತ್ತವೆ. ಅಂಥ ಬಯಲು ಕಟ್ಟುವುದಿಲ್ಲ. ಬದಲಿಗೆ ಕಡಲೇ ನದಿಯೊಳಗೆ ಬರುತ್ತದೆ. ಕಡಲಿನಿಂದ ಒಳಗಿರುವ ಮಿರ್ಜಾನಿನ ಹತ್ತಿರವೂ ನೀರು ಏರಿ ಇಳಿಯುವುದು ಕಾಣುತ್ತದೆ.

ಉಳಿದದ್ದು ‘ಅಳಿವೆ’. ಇದೇ ಸರಿಯಾದ ಪದ ಅಂತ ನನ್ನ ಅಭಿಪ್ರಾಯ. ಮಂಗಳೂರು, ಉಡುಪಿ ಕಡೆಯ ಪತ್ರಿಕೆಗಳಲ್ಲಿ ‘ಅಳಿವೆ ಬಾಗಿಲು’ ಎಂದು ದಿನವೂ ಓದುತ್ತೇವೆ. ದೋಣಿಗಳು ಸಮುದ್ರಕ್ಕೆ ಹೊರಡುವ ಬಾಯಿ. 2024ರಲ್ಲಿ ಅಘನಾಶಿನಿಗೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿದಾಗ ಅಳಿವೆ ಪದ ಸುದ್ದಿಯಲ್ಲಿ ಬಂತು. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅದೇ ಸಲ ಸೇರಿತ್ತು, ಆದ್ದರಿಂದ ಇಲ್ಲಿಯವರೂ ಆ ಸುದ್ದಿ ಓದಿದ್ದರು. ಆದರೂ ನಾನು ಪುಟದಲ್ಲಿ ‘ಅಘನಾಶಿನಿ ಅಳಿವೆ’ ಎಂದು ಬರೆದ ಕೂಡಲೇ ಬಂದ ಪ್ರಶ್ನೆ: “ಯಾಕ್ರೀ, ಆ ಹೊಳಿ ಸಾಯಾಕ ಹತ್ತೇತೇನು?”

ಅವರ ತಪ್ಪಿಲ್ಲ. ‘ಅಳಿವು ಉಳಿವು’ ಕೇಳಿ ಬೆಳೆದ ಕಿವಿ ಅದು. ಹೊಳೆ ತನ್ನ ಹೆಸರು ಕಳೆದುಕೊಳ್ಳುವ ಜಾಗ, ಅದಕ್ಕೇ ಅಳಿವೆ ಅಂತ ಕಥೆ ಕಟ್ಟಿ ಹೇಳಬಹುದಿತ್ತು. ಚೆಂದವೂ ಇದೆ. ಆದರೆ ನನಗೆ ಅನುಮಾನ. ಮಲಯಾಳದಲ್ಲಿ ನದಿ ಕಡಲು ಸೇರುವಲ್ಲಿಗೆ ‘ಅೞಿ’, ‘ಅೞಿಮುಖಂ’ ಅನ್ನುತ್ತಾರೆ. ಕೇರಳದ ಕಡಲಂಚಿನ ಊರ ಹೆಸರುಗಳಲ್ಲೂ ಈ ಅೞಿ ಇದೆ. ಅದು ನಮ್ಮ ಹಳಗನ್ನಡದಲ್ಲಿದ್ದ ೞ ಅಕ್ಷರವೇ. ಸಾಯುವ ‘ಅೞಿ’ಯಲ್ಲೂ ಅದೇ ಅಕ್ಷರ. ಹಾಗಾದರೆ ಎರಡೂ ಒಂದೇ ಬೇರಿನವೋ, ಸುಮ್ನೆ ಒಂದೇ ಥರ ಕೇಳುವ ಎರಡು ಪದಗಳೋ? ಮಲಯಾಳದಲ್ಲಿ ‘ಅೞಿಯುಕ’ ಅಂದರೆ ಗಂಟು ಸಡಿಲಾಗುವುದು, ಬಿಚ್ಚಿಕೊಳ್ಳುವುದು ಕೂಡ. ದಂಡೆಗಳ ಕಟ್ಟು ಬಿಚ್ಚಿ ನದಿ ಹರಡಿಕೊಳ್ಳುವ ಜಾಗ ಎಂಬ ಅರ್ಥ ನನಗೆ ಹೆಚ್ಚು ಹಿಡಿಸಿತು. ಇದು ಬರೀ ನನ್ನ ಊಹೆ, ಹೊಡೆದು ಹಾಕಲು ಅಡ್ಡಿಯಿಲ್ಲ.

ಪುಟದಲ್ಲಿ ತೊಡಕಾದ ಪದಗಳು ಇನ್ನೂ ಇವೆ. ಸಾಣಿಕಟ್ಟಾದ ಉಪ್ಪಿನ ಆಗರ, ಅಂದರೆ ಉಪ್ಪು ತೆಗೆಯುವ ಗದ್ದೆ, ನೋಡುವುದಿದೆ ಎಂದು ಬರೆದಿದ್ದೆ. ಪತ್ರಿಕೆ ಓದಿ ಓದಿ ‘ಸಮಸ್ಯೆಗಳ ಆಗರ’ ಒಂದೇ ಗೊತ್ತಿರುವವರಿಗೆ, ನಿಜವಾದ ಆಗರದಲ್ಲಿ ಕಾಲಿಟ್ಟು ನಿಲ್ಲಬಹುದು ಎಂಬುದೇ ಹೊಸ ಸಂಗತಿ. ‘ಗಜನಿ’ಯನ್ನು ಬಿಡಿಸಿ ಹೇಳಲೇಬೇಕು: ಉಪ್ಪುನೀರು ಒಳಗೆ ಬರುವ ತಗ್ಗಿನ ಗದ್ದೆ, ಅಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ‘ಕಾಂಡ್ಲಾ’ ಗಿಡಕ್ಕೆ ನಮ್ಮಲ್ಲಿ ಹೆಸರೇ ಇಲ್ಲ, ಹಾಗೇ ಇಟ್ಟೆ. ‘ಅಡವಿ’ ಮಾತ್ರ ಎಡವಟ್ಟಾಯಿತು. ಅಡವಿಯ ದಾರಿ ಎಂದು ಬರೆದರೆ ನಮ್ಮವರು ಊರ ಹೊರಗಿನ ಹೊಲದ ದಾರಿ ಅಂದುಕೊಂಡರು. ಹೊಲಕ್ಕೆ ಹೋಗುವುದನ್ನೇ ಅಡವಿಗೆ ಹೋಗುವುದು ಅನ್ನುವ ಸೀಮೆ ಇದು. ಮರ ತುಂಬಿದ ಜಾಗಕ್ಕೆ ‘ಕಾಡು’ ಎಂದೇ ತಿದ್ದಿದೆ.

ಆದರೆ ಒಂದು ಪದ ಖುಷಿ ಕೊಟ್ಟಿತು. ಅಘನಾಶಿನಿಯ ನಡುವಿನ ನಡುಗಡ್ಡೆಗೆ ಐಗಳಕುರ್ವೆ ಅಂತ ಹೆಸರು. ಹೊನ್ನಾವರದ ಶರಾವತಿಯಲ್ಲಿ ಮಾವಿನಕುರ್ವಾ ಇದೆ. ಈ ‘ಕುರ್ವೆ’ ಕರಾವಳಿಯದ್ದೇ ಅಂದುಕೊಂಡಿದ್ದೆ. ಆಮೇಲೆ ರಾಯಚೂರಿನ ಕೃಷ್ಣಾ ನದಿಯ ನಡುಗಡ್ಡೆಗಳು ನೆನಪಾದವು: ಕುರ್ವಪುರ, ಕುರ್ವಕುರ್ದಾ, ಕುರ್ವಕಲಾ. ನಮ್ಮದೇ ಹೊಳೆ, ಕೆಳಗೆ ಹೋದ ಮೇಲೆ! ದತ್ತನ ಭಕ್ತರು ಕುರ್ವಪುರಕ್ಕೆ ಹೋಗಿ ಬಂದಿರುತ್ತಾರೆ, ಹೆಸರಿನ ಅರ್ಥ ಯಾರೂ ಕೇಳಿರುವುದಿಲ್ಲ. ಘಟ್ಟದ ಆಚೆ ಈಚೆ ಒಂದೇ ಪದ ಉಳಿದಿದೆ ಅಂದಮೇಲೆ, ಅಳಿವೆಯನ್ನು ಕರಾವಳಿಗೇ ಬಿಟ್ಟುಕೊಡುವುದು ಯಾಕೆ ಅಂತ ನನಗೆ ಹಟ ಬಂತು.

ಇನ್ನು ನಡೆಯುವುದಕ್ಕೆ ಏನನ್ನಬೇಕು? ‘ಚಾರಣ’ ಅಂದರೆ ಇಬ್ಬರು ಹೆದರಿ ಹೆಸರು ವಾಪಸ್ ತೆಗೆದುಕೊಂಡರು. ‘ಪಾದಯಾತ್ರೆ’ ಅಂದರೆ ನಮ್ಮಲ್ಲಿ ಯುಗಾದಿಗೆ ಶ್ರೀಶೈಲಕ್ಕೆ ನಡೆಯುವುದು, ಇಲ್ಲವೇ ರಾಜಕೀಯ. ‘ಅಡ್ಡಾಡಿ ಬರೋದು’ ಎಂದು ಬರೆದೆ. ಎಲ್ಲರಿಗೂ ಒಮ್ಮೆಗೇ ಅರ್ಥವಾಯಿತು, ಹಿಂದೆ ಸರಿದವರೂ ಮತ್ತೆ ಸೇರಿದರು. ಮೈಸೂರಿನಲ್ಲಿರುವ ಮಗಳು ಮಾತ್ರ, ಕೆಲಸವಿಲ್ಲದೆ ಅಲೆಯುವ ಹಾಗೆ ಕೇಳುತ್ತದೆ ಅಪ್ಪಾ ಅಂದಳು. ಕೆಲಸವಿಲ್ಲದೆ ಅಲೆಯುವುದೇ ಅಲ್ಲವೇ ನಾವು ಹೋಗುತ್ತಿರುವುದು!

ಸದ್ಯಕ್ಕೆ ಪುಟದ ಮೊದಲ ಸಾಲು ಹೀಗಿದೆ: ‘ಅಘನಾಶಿನಿಯ ಅಳಿವೆಗೆ, ಅಂದರೆ ಹೊಳೆ ಕಡಲಿಗೆ ಬಾಯಿ ತೆರೆಯುವಲ್ಲಿಗೆ, ಅಡ್ಡಾಡಿ ಬರೋಣ.’

ನನ್ನ ಪ್ರಶ್ನೆಗಳು ಇವು. ಕುಮಟಾ, ಅಂಕೋಲಾ, ಹೊನ್ನಾವರದವರು ಮನೆಯಲ್ಲಿ ಮಾತಾಡುವಾಗ ಅಳಿವೆ ಅನ್ನುತ್ತೀರಾ, ಅಥವಾ ಅದು ಪತ್ರಿಕೆಯಲ್ಲಿ ಮಾತ್ರವೇ? ಅಳಿವೆ ಅಂದರೆ ಬರೀ ಆ ಬಾಯಿಯೋ, ಉಪ್ಪುನೀರು ಏರುವ ಇಡೀ ಹರವೋ? ದೋಣಿಯವರೊಬ್ಬರು ಬಾಯಿಗೆ ಮಾತ್ರ ಆ ಪದ ಬಳಸಿದ ಹಾಗೆ ನನಗೆ ಕೇಳಿತು. ಹಾಗಿದ್ದರೆ ನಾವು ನಡೆಯುವ ಒಳಗಿನ ಜಾಗಕ್ಕೆ ಬೇರೆ ಪದ ಬೇಕು. ಉಬ್ಬರಕ್ಕೆ ನಿಮ್ಮಲ್ಲಿ ‘ಭರತಿ’ ಅನ್ನುವವರು ಜಾಸ್ತಿಯೋ, ‘ಭರತ’ ಅನ್ನುವವರೋ? ಇದು ಬೇಗ ಬೇಕು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನೀರು ಇಳಿದಾಗ ಬಳಚು (ತಿನ್ನುವ ಚಿಪ್ಪು) ಆರಿಸುವುದನ್ನು ನಮ್ಮವರಿಗೆ ತೋರಿಸಬೇಕು. ಹೊತ್ತು ಕೇಳಲು ದೋಣಿಯವರಿಗೆ ಫೋನ್ ಮಾಡುವಾಗ ಅವರ ಪದದಲ್ಲೇ ಕೇಳೋಣ ಅಂತ.