ತೊಟ್ಟಿಮನೆಯ ಹಳೇ ಬಾಗಿಲು, ಮಂಗಳೂರು ಹೆಂಚು ಹೊಸ ಮನೆಗೆ: ಎತ್ತರ, ಬಣ್ಣ, ಕುಟ್ಟೆ

ಮೂವತ್ತು_ನಲವತ್ತು:

ಶಿವಮೊಗ್ಗದಲ್ಲಿ 30×40 ಸೈಟು. ಪಾಯ ಮುಗಿದಿದೆ, ಗೋಡೆ ಇನ್ನೂ ಲಿಂಟಲ್ ಮಟ್ಟಕ್ಕೆ ಬಂದಿಲ್ಲ. ತೀರ್ಥಹಳ್ಳಿ ಕಡೆ ಕೆಡವಿದ ತೊಟ್ಟಿಮನೆಯ ಜೋಡಿ ಬಾಗಿಲು ಚೌಕಟ್ಟು ಸಮೇತ ಸಿಕ್ಕಿದೆ.

ಒಳಗಿನ ತೆರಪು 5 ಅಡಿ 6 ಇಂಚು ಎತ್ತರ, 3 ಅಡಿ 6 ಇಂಚು ಅಗಲ. ಬಾಗಿಲ ಹಲಗೆ 2 ಇಂಚು ದಪ್ಪ, ಚೌಕಟ್ಟು 6×4 ಇಂಚು. ಮೇಲಿನ, ಕೆಳಗಿನ ಅಡ್ಡಪಟ್ಟಿ ಎರಡೂ ಬದಿಗೆ 5 ಇಂಚು ಚಾಚಿಕೊಂಡಿವೆ. ಕೀಲಿಲ್ಲ, ತಿರುಗಣಿ ಮೇಲೆ ತಿರುಗುತ್ತೆ. ಹಸಿರು ಎಣ್ಣೆಬಣ್ಣ ನಾಲ್ಕೈದು ಪದರ ಇದೆ. ಒಂದು ಕೆಳಮೂಲೆಯಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳು, ಹಿಟ್ಟಿನಂಥ ಪುಡಿ. ಜೊತೆಗೆ 250 ಮಂಗಳೂರು ಹೆಂಚು.

ಇದು ಮುಂಬಾಗಿಲಿಗೆ ಆಗುತ್ತಾ? ಬಡಗಿ ಕಾಸ್ಟಿಕ್ ಸೋಡಾ ಹಾಕಿ ಬಣ್ಣ ಎತ್ತೋಣ ಅಂತಾರೆ, ಸರಿಯಾ? ಹುಳುವಿಗೆ ಏನು? 60 ಚದರ ಅಡಿಯ ಇಳಿಜಾರು ಮುಖಮಂಟಪಕ್ಕೆ ಹೆಂಚು ಸಾಕಾ?

ಉಳಿಸುತ್ತಿಗೆ:

ಮುಂಬಾಗಿಲಿಗೆ ಬೇಡ. 5 ಅಡಿ 6 ಇಂಚು ಅಂದರೆ ದಿನಾ ಯಾರಾದರೊಬ್ಬರು ತಲೆ ಕುಟ್ಟಿಸಿಕೊಳ್ಳುತ್ತಾರೆ, ಬೀರು, ಸೋಫಾ ಒಳಗೆ ಹೋಗಲ್ಲ. ಮೇಲೊಂದು ವೆಂಟಿಲೇಟರ್ ಕೂರಿಸಿ ಎತ್ತರ ಮಾಡಿ ಅಂತ ಸಲಹೆ ಬರುತ್ತೆ ನೋಡಿ, ಅದು ನೋಟಕ್ಕಷ್ಟೇ. ಅಡ್ಡಪಟ್ಟಿ ಇದ್ದಲ್ಲೇ ಇರುತ್ತೆ, ತಲೆಯೂ ಅದಕ್ಕೇ ಬಡಿಯುತ್ತೆ. ನಿಲುವುಗಳಿಗೆ ಕೆಳಗಡೆ ಒಂದಡಿ ಅದೇ ಜಾತಿಯ ಹಳೇ ಮರ ಬೆಸೆದು, ಹಲಗೆಗೂ ಒಂದಡಿ ಪಟ್ಟಿ ಕೂಡಿಸಬಹುದು. ಆದರೆ ಬೆಸುಗೆ ಬರೋದು ಮಳೆನೀರು ಸಿಡಿಯುವ ಮಟ್ಟದಲ್ಲೇ, ಮೊದಲು ಬಾಯಿ ಬಿಡೋದೂ ಅಲ್ಲೇ.

ದೇವರಕೋಣೆಗೆ ಇಡಿ. ಅಲ್ಲಿ ಬಗ್ಗಿ ಹೋಗುವುದು ಯಾರಿಗೂ ಕಷ್ಟವಲ್ಲ, ಮರವೂ ಬಿಸಿಲು ಮಳೆಗೆ ಸಿಗಲ್ಲ.

ಬಿಚ್ಚುವ ಮುಂಚೆ ಪ್ರತಿ ಜೋಡಣೆಯ ಎರಡೂ ಬದಿಗೆ ಚಾಕ್‌ಪೀಸಿನಲ್ಲಿ ಒಂದೇ ನಂಬರ್ ಬರೆದು ಫೋಟೊ ತೆಗೆಯಿರಿ. ಮರದ ಬೆಣೆಯನ್ನು ಸಣ್ಣ ತುದಿಯ ಕಡೆಯಿಂದ ಹೊಡೆದರೆ ಮಾತ್ರ ಹೊರಬರುತ್ತೆ, ಇನ್ನೊಂದು ಕಡೆಯಿಂದ ಹೊಡೆದರೆ ನಿಲುವೇ ಸೀಳುತ್ತೆ. ತಿರುಗಣಿ ಬಾಗಿಲಿನಲ್ಲಿ ಸಾಮಾನ್ಯವಾಗಿ ಹಲಗೆಗಳನ್ನು ಒಳಗಿಟ್ಟೇ ಚೌಕಟ್ಟು ಬಿಗಿಯಬೇಕು. ಗೋಡೆ ಎದ್ದ ಮೇಲೆ ಹಲಗೆ ಎತ್ತಿ ಕೂರಿಸಲು ಜಾಗ ಇರಲ್ಲ.

ಬಣ್ಣದಡಬ್ಬಿ:

ಕಾಸ್ಟಿಕ್ ಸೋಡಾ ಬೇಡವೇ ಬೇಡ. ತೇಗ, ಹೊನ್ನೆಯಂಥ ಮರ ಅದರಿಂದ ಕಪ್ಪಗಾಗುತ್ತೆ. ಉಪ್ಪು ಜೋಡಣೆಯೊಳಗೆ ಕೂತು, ಆಮೇಲೆ ಹಚ್ಚಿದ ಪಾಲಿಶ್ ಹಪ್ಪಳದಂತೆ ಏಳುತ್ತೆ.

ಅದಕ್ಕಿಂತ ದೊಡ್ಡ ವಿಷಯ ಸೀಸ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್ 1ರಿಂದ. ಹಾಗಾಗಿ ನಿಮ್ಮ ಹಸಿರು ಬಣ್ಣದಲ್ಲಿ ಸೀಸ ಇದೆ ಅಂತಲೇ ಹಿಡಿದು ಕೆಲಸ ಮಾಡಿ. ಒಣಗಿದ್ದನ್ನು ಸ್ಯಾಂಡಿಂಗ್ ಮೆಷಿನ್‌ನಲ್ಲಿ ಉಜ್ಜಬೇಡಿ, ಬ್ಲೋಲ್ಯಾಂಪ್ ಹಿಡಿಯಬೇಡಿ. ಧೂಳೂ ಹೊಗೆಯೂ ನೇರ ಶ್ವಾಸಕೋಶಕ್ಕೆ.

ಜೆಲ್ ಥರದ ಪೇಂಟ್ ರಿಮೂವರ್ ತನ್ನಿ. ಎರಡೂ ಮುಖ, ಚೌಕಟ್ಟು ಸೇರಿ ಎರಡು ಸಲ ಹಚ್ಚಲು 3 ಲೀಟರ್ ಆದರೂ ಬೇಕು. ಬಯಲಲ್ಲಿ, ನೆರಳಲ್ಲಿ, ಟಾರ್ಪಾಲಿನ್ ಹಾಸಿ, ಬಾಗಿಲನ್ನು ಮಲಗಿಸಿ ದಪ್ಪಗೆ ಹಚ್ಚಿ. ಹಿಂದೆ ಮುಂದೆ ತಿಕ್ಕಬೇಡಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಬೇಗ ಆರಲ್ಲ. 20ರಿಂದ 30 ನಿಮಿಷಕ್ಕೆ ಬಣ್ಣ ಸುಕ್ಕಾಗುತ್ತೆ, ಮೂಲೆ ಮೊಂಡು ಮಾಡಿದ ಪುಟ್ಟಿ ಬ್ಲೇಡಿನಲ್ಲಿ ಎತ್ತಿ. ಕೆತ್ತನೆಯೊಳಗೆ ಹಳೇ ಟೂತ್‌ಬ್ರಷ್, ಬಿದಿರ ಕಡ್ಡಿ. ತಂತಿ ಬ್ರಷ್ ಹಾಕಿದರೆ ಕೆತ್ತನೆಯ ಅಂಚು ಹೋಯಿತು ಅಂತಲೇ ತಿಳಿಯಿರಿ. ಡಬ್ಬದ ಮೇಲೆ ಹೇಳಿದ ದ್ರವದಲ್ಲಿ ಒರೆಸಿ, ಉಳಿದದ್ದನ್ನು 120 ನಂಬರ್ ವಾಟರ್‌ಪೇಪರ್‌ನಲ್ಲಿ ಒದ್ದೆ ಮಾಡಿಕೊಂಡೇ ಉಜ್ಜಿ. ಎತ್ತಿದ ಬಣ್ಣವನ್ನು ಚೀಲಕ್ಕೆ ಕಟ್ಟಿ, ತೋಟಕ್ಕೆ ಸುರಿಯಬೇಡಿ, ಸುಡಲೂಬೇಡಿ.

ಕಬ್ಬಿಣದ ಮೊಳೆ ಸುತ್ತ ಕಪ್ಪು ಕಲೆ ಉಳಿದರೆ ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಆಕ್ಸಾಲಿಕ್ ಆಸಿಡ್. ಕೈಗವಸು ಕಡ್ಡಾಯ, ಕಲೆ ತಿಳಿಯಾದ ಮೇಲೆ ಎರಡು ಸಲ ನೀರಲ್ಲಿ ತೊಳೆಯಿರಿ. ಹಿತ್ತಾಳೆ ಚಿಲಕ, ಗುಬ್ಬಿಗಳಿಗೆ ಹುಣಸೆಹಣ್ಣು, ಉಪ್ಪು ಸಾಕು, ಆದರೆ ಬಿಚ್ಚಿ ತೊಳೆಯಿರಿ. ಮರದ ಮೇಲಿದ್ದಾಗಲೇ ಉಜ್ಜಿದರೆ ಸುತ್ತ ಉಂಗುರ ಬೀಳುತ್ತೆ.

ಕುಟ್ಟೆಪುಡಿ:

ಹಿಟ್ಟಿನಂಥ ಪುಡಿ ಅಂದರೆ ಕುಟ್ಟೆ ಹುಳು. ಗೆದ್ದಲಾದರೆ ಸಾಮಾನ್ಯವಾಗಿ ಮಣ್ಣಿನ ಸುರಂಗ ಕಾಣುತ್ತೆ. ಈ ಹುಳು ಹೆಚ್ಚಾಗಿ ಮರದ ಬಿಳಿ ಭಾಗವನ್ನೇ ತಿನ್ನುತ್ತೆ, ಒಳಗಿನ ಗಟ್ಟಿ ತಿರುಳಾದ ಚೇಗಿಗೆ ಸಾಮಾನ್ಯವಾಗಿ ಹೋಗಲ್ಲ. ಈಗಲೂ ಜೀವಂತ ಇದೆಯಾ ನೋಡಲು ತೂತಿನ ಕೆಳಗೆ ಕಪ್ಪು ಕಾಗದ ಹಾಸಿ ಮೂರು ವಾರ ಬಿಡಿ. ಬಾಗಿಲನ್ನು ಅಲ್ಲಾಡಿಸದೆಯೂ ಹೊಸ ಪುಡಿ ಬಿದ್ದರೆ ಒಳಗೆ ಸಂಸಾರ ನಡೆದಿದೆ.

ಬಣ್ಣ ಪೂರ್ತಿ ಹೋದ ಮೇಲೆಯೇ ಮದ್ದು, ಬಣ್ಣದ ಮೇಲೆ ಹಚ್ಚಿದರೆ ಒಂದು ಹನಿಯೂ ಇಳಿಯಲ್ಲ. ಒಂದು ಲೀಟರ್ ಬಿಸಿನೀರಿಗೆ ಬೋರಾಕ್ಸ್ 60 ಗ್ರಾಂ, ಬೋರಿಕ್ ಆಸಿಡ್ 40 ಗ್ರಾಂ. ಎರಡನ್ನೂ ಸೇರಿಸಿಯೇ ಕರಗಿಸಿ, ಬಿಡಿಬಿಡಿಯಾಗಿ ಅಷ್ಟು ಕರಗಲ್ಲ. ಬಿಸಿಯಿರುವಾಗಲೇ ಬ್ರಷ್‌ನಲ್ಲಿ ಮೂರು ಸಲ, ತೂತುಗಳಿಗೆ ಸಿರಿಂಜ್. ಹಲಗೆಯ ತುದಿಗಳು ಹೆಚ್ಚು ಹೀರುತ್ತವೆ, ಅಲ್ಲಿ ಧಾರಾಳವಾಗಿ ಕೊಡಿ. ನೆರಳಲ್ಲಿ ವಾರ ಒಣಗಿಸಿ, ಬಿಳಿ ಹುಡಿ ಎದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬೋರಾಕ್ಸ್ ನೀರಲ್ಲಿ ತೊಳೆದುಹೋಗುವ ವಸ್ತು, ಹಾಗಾಗಿ ಮೇಲೆ ಎಣ್ಣೆಯೋ ಪಾಲಿಶೋ ಬೇಕೇ ಬೇಕು.

ಅಗಸೆ ಎಣ್ಣೆ ಹಚ್ಚುವುದಾದರೆ ಮೊದಲ ಕೈಗೆ ಸಮಪಾಲು ಟರ್ಪೆಂಟೈನ್ ಬೆರೆಸಿ, 15 ನಿಮಿಷಕ್ಕೆ ಉಳಿದದ್ದನ್ನು ಒರೆಸಿಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಬೆಂಕಿ ಹಿಡಿಯುತ್ತೆ. ಬಕೆಟ್ ನೀರಿಗೆ ಹಾಕಿ.

ನೇತ್ರಾವತಿ_ತೀರ:

ಹೆಂಚು ಧಾರಾಳ ಸಾಕು ಮಾರಾಯ್ರೆ. ಚದರ ಮೀಟರಿಗೆ ಸುಮಾರು 15 ಹೆಂಚು. ಆದರೆ 60 ಚದರ ಅಡಿ ನೆಲದ ಅಳತೆಯಾ, ಮಾಡಿನ ಅಳತೆಯಾ? ನೆಲದ್ದಾದರೆ 30 ಡಿಗ್ರಿ ಇಳಿಜಾರಿಗೆ ಅದು 69 ಆಗುತ್ತೆ. 97 ಹೆಂಚು, ಒಡೆಯುವುದಕ್ಕೆ ಹತ್ತು ಸೇರಿಸಿ. ನಿಮ್ಮ ಮಳೆಗೆ 30ಕ್ಕಿಂತ ಕಡಿಮೆ ಇಳಿಜಾರು ಬೇಡ.

ಮೊದಲು ಹಿಂಬದಿಯ ಅಚ್ಚು ನೋಡಿ ಕಾರ್ಖಾನೆವಾರು ಬೇರೆ ಮಾಡಿ. ಬಾಸೆಲ್ ಮಿಷನ್ ಮಂಗಳೂರಲ್ಲಿ 1865ರಲ್ಲಿ ಶುರುಮಾಡಿದ ಮೇಲೆ ಬೇರೆ ಬೇರೆಯವರು ಹೆಂಚು ಮಾಡಿದ್ದಾರೆ, ಒಬ್ಬರ ಹೆಂಚಿನ ತುಟಿ ಇನ್ನೊಬ್ಬರ ತೋಡಿಗೆ ಸರಿಯಾಗಿ ಕೂರಬೇಕೆಂದಿಲ್ಲ. ಬೆರೆಸಿ ಹೊದೆಸಿದರೆ ಸೋರುವುದು ಅಲ್ಲೇ. ಒಂದೊಂದನ್ನೂ ಬೆರಳಲ್ಲಿ ತಟ್ಟಿ: ಟಣ್ ಅಂದರೆ ಮಾಡಿಗೆ, ದಪ್ ಅಂದರೆ ಒಳಗೆ ಸೀಳಿದೆ, ಹೂಗಿಡದ ಅಂಚಿಗೆ. ಪಾಚಿಯನ್ನು ನೈಲಾನ್ ಬ್ರಷ್, ಬ್ಲೀಚಿಂಗ್ ಪುಡಿ ನೀರಿನಲ್ಲಿ ಉಜ್ಜಿ. ಪ್ರೆಷರ್ ವಾಷರ್ ಮೇಲ್ಪದರವನ್ನೇ ಕಿತ್ತುಬಿಡುತ್ತೆ, ಆಮೇಲೆ ಪಾಚಿ ಇನ್ನೂ ಬೇಗ ಬರುತ್ತೆ.

ಹೆಂಚು ಕೂರುವ ರೀಪುಪಟ್ಟಿಗಳ ಅಂತರವನ್ನು ಬಡಗಿಯ ಬಾಯಿಲೆಕ್ಕಕ್ಕೆ ಬಿಡಬೇಡಿ. ಹತ್ತು ಹೆಂಚನ್ನು ನೆಲದ ಮೇಲೆ ಒಂದಕ್ಕೊಂದು ಕೂಡಿಸಿ. ಪೂರ್ತಿ ಎಳೆದು ಒಮ್ಮೆ, ಪೂರ್ತಿ ಒತ್ತಿ ಒಮ್ಮೆ, ಮೊದಲನೆಯದರ ಕೊಕ್ಕೆಯಿಂದ ಹತ್ತನೆಯದರ ಕೊಕ್ಕೆವರೆಗೆ ಅಳೆಯಿರಿ. ಎರಡರ ಸರಾಸರಿಯನ್ನು 9ರಿಂದ ಭಾಗಿಸಿ, ಅದೇ ಅಂತರ.

ಮೂವತ್ತು_ನಲವತ್ತು:

ದೇವರಕೋಣೆಗೇ ಇಡ್ತೀವಿ. ಆ ಗೋಡೆ ನಾಲ್ಕೂವರೆ ಇಂಚು, ಚೌಕಟ್ಟು 6 ಇಂಚು. ಹೇಗೆ ಕೂರಿಸೋದು?

ಉಳಿಸುತ್ತಿಗೆ:

ಎರಡು ಕಡೆ ಗಿಲಾವು ಸೇರಿ ಗೋಡೆ ಐದೂವರೆ ಆಗುತ್ತೆ. ಕೋಣೆಯ ಒಳಬದಿಗೆ ಸಮ ಮಾಡಿ, ಉಳಿದ ಅರ್ಧ ಇಂಚು ಹಾಲ್ ಕಡೆ ಎದ್ದು ಕಾಣಲಿ, ಚೆನ್ನಾಗಿರುತ್ತೆ.

ಗೋಡೆ ಕಟ್ಟುವಾಗಲೇ ನಿಲ್ಲಿಸಿ. ಚಾಚಿದ ತುದಿಗಳನ್ನು ಕತ್ತರಿಸಬೇಡಿ, ಇಟ್ಟಿಗೆಯೊಳಗೆ ಹಿಡಿತ ಕೊಡೋದೇ ಅವು. ಮರ ಸಿಮೆಂಟಿಗೆ ತಾಗುವ ಮುಖಕ್ಕೆಲ್ಲ ಬಿಟುಮಿನ್ ಎರಡು ಕೈ. ಪ್ರತಿ ನಿಲುವಿಗೆ ಮೂರು ಹೋಲ್ಡ್‌ಫಾಸ್ಟ್, ಅಂದರೆ ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ. ಚೌಕಟ್ಟು, ಹಲಗೆ ಎಲ್ಲ ಸೇರಿ 120 ಕೆಜಿ ಆಸುಪಾಸು ಬರುತ್ತೆ, ಆದ್ದರಿಂದ ಗಾರೆ ಗಟ್ಟಿಯಾಗುವವರೆಗೆ ಎರಡೂ ಕಡೆ ಊರುಗೋಲು ಇರಲಿ. ಮೇಲೆ ಬೇರೆ ಲಿಂಟಲ್ ಹಾಕಿಸಿ, ಗೋಡೆಯ ಭಾರ ಚೌಕಟ್ಟಿನ ಮೇಲೆ ಕೂರಬಾರದು.

ಹೊಸ್ತಿಲಿನ ಮಟ್ಟವನ್ನು ಈಗಿನ ಒರಟು ನೆಲದಿಂದ ಹಿಡಿಯಬೇಡಿ. ಟೈಲ್ಸ್, ಅದರ ಕೆಳಗಿನ ಗಾರೆ ಸೇರಿ ಎರಡೂವರೆ ಇಂಚು ಮೇಲೆ ಬರುತ್ತೆ. ಅದನ್ನು ಮರೆತರೆ 4 ಇಂಚಿನ ಹೊಸ್ತಿಲಲ್ಲಿ ಉಳಿಯೋದು ಒಂದೂವರೆ, ಕೆಳಗಿನ ತಿರುಗಣಿ ಗುಳಿಗೆ ನೆಲ ಒರೆಸಿದ ನೀರೆಲ್ಲ ಇಳಿಯುತ್ತೆ. ಗುಳಿಯೊಳಗೆ ಹಿತ್ತಾಳೆಯ ಬಟ್ಟಲೊಂದು ಕೂರಿಸಿ ಗ್ರೀಸ್ ಹಾಕಿ, ಕಿರುಗುಡುವುದೂ ನಿಲ್ಲುತ್ತೆ.